ಪ್ರಸ್ಥಾನಕ್ಕೆ ಹೋದ ಆಕ್ಸಲ್

2025ರ ಅಕ್ಟೋಬರ್ 2, ಗುರುವಾರ, ವಿಜಯದಶಮಿ. ಬನ್ನಿ ಕೊಡಲು ಬಂದ ನೆರೆಹೊರೆಯವರ ಸಮಕ್ಷಮದಲ್ಲಿ ನಾನು ಘೋಷಿಸಿಯೇ ಬಿಟ್ಟೆ: ಸೇಡಂನಿಂದ ಗುಜರಾತಿನ ಕಛ್ ರಣದವರೆಗೆ ಬೈಕಿನ ಮೇಲೆ ಹೋಗಿಬರುವ ವೀರನು ಈ ಪ್ರಾಣೇಶಾಚಾರ್ಯನೇ! 2022ರ ಮೇ 31ರ ಮಂಗಳವಾರ ಮುಖ್ಯೋಪಾಧ್ಯಾಯನ ಕುರ್ಚಿಯಿಂದ ಇಳಿದ ಮೇಲೆ ಏರಲು ನನಗೊಂದು ಪೀಠ ಬೇಕಾಗಿತ್ತು. ಡಾಂಬರು ರಸ್ತೆ, ಕಲ್ಲುದಾರಿ ಎರಡನ್ನೂ ಸಮಾನ ಗೌರವದಿಂದ ಕಾಣುವ ಬೈಕು ಅಂಗಳಕ್ಕೆ ಬಂದಾಗಿತ್ತು. ಅದರ ಸೀಟು ನನ್ನ ಸೊಂಟಕ್ಕಿಂತ ಎತ್ತರವೆಂಬುದು ಗೌಣ ವಿಷಯ.

"ರಣಾ?" ಎಂದಳು ಪತ್ನಿ ಸೀತಾಬಾಯಿ. "ಮನ್ಯಾಗ ದಿನಾ ನಡೀತದಲ್ರಿ, ಸಾಕಾಗಿಲ್ಲೇನು?"

"ಇದು ಉಪ್ಪಿನ ರಣ!"

"ಅದೂ ನಡೀತದ, ಸಾರಿನ ಮ್ಯಾಲೆ."

ಅಷ್ಟಕ್ಕೇ ಅವಳು ಬಿಡಲಿಲ್ಲ. ಕಛ್‌ಗೆ ಹೊರಡಲಿದ್ದ ಕಲಬುರಗಿಯ ನಿವೃತ್ತರ ಬೈಕು ಬಳಗವನ್ನು ನಾನು ನವೆಂಬರ್ 30ರ ರವಿವಾರ ಬೆಳಿಗ್ಗೆ ಏಳಕ್ಕೆ ಶಹಾಬಾದ್ ಕ್ರಾಸಿನಲ್ಲಿ ಸೇರಬೇಕಿತ್ತು. ಸೀತಾಬಾಯಿ ಶರತು ಹಾಕಿದಳು: "ಅವತ್ತ ಈ ಗಾಡಿ ಮ್ಯಾಲೆ ಕೂತು ಸೇಡಂ ದಾಟಿ, ಆ ಗುಂಪಿನ ಜೋಡಿ ಹೋಗಲಿಲ್ಲಾಂದ್ರ ಗಾಡಿ ಮಾರೂದು. ಮರುದಿನ ವಾಡಿಯೊಳಗ ರೈಲು ಹತ್ತಿ ಮಂತ್ರಾಲಯಕ್ಕ ಹೋಗೂದು. ಆತೇನು?"

"ಆತು!" ಎಂದೆ, ಮೀಸೆಯಿಲ್ಲದಿದ್ದರೂ ಅಲ್ಲಿ ಕೈಯಾಡಿಸಿ.

ಸಿದ್ಧತೆ ಆರಂಭವಾಯಿತು. ಬ್ರೇಕಿಗೆ ಹೊಸ ಪ್ಯಾಡು, ಕ್ಲಚ್ಚಿಗೆ ಹೆಚ್ಚಿನ ಕೇಬಲ್ಲು, ಎರಡೂ ಮಗ್ಗುಲಿಗೆ ತಗಡಿನ ಪೆಟ್ಟಿಗೆ. ಚೈನಿಗೆ ನಾನು ಎಣ್ಣೆ ಹಚ್ಚುತ್ತಿದ್ದರೆ ಅಡುಗೆಮನೆಯಿಂದ ವ್ಯಾಖ್ಯಾನ ಬರುತ್ತಿತ್ತು: "ನನ್ನ ಕೊರಳಿಗೊಂದು ಚೈನು ಅಂದ್ರ ಕಿವಿ ಕೇಳಂಗಿಲ್ಲ. ಇದರ ಚೈನಿಗಿ ನೋಡ್ರಿ, ದಿನಾ ಅಭ್ಯಂಜನ!"

ನವೆಂಬರ್ 27, ಗುರುವಾರ. ಮೆಕ್ಯಾನಿಕ್ ಗನಿಸಾಬ ಮುಂದಿನ ಗಾಲಿ ಬಿಚ್ಚಿ, ಹಲ್ಲುಹಲ್ಲಿನ ಹೊಸ ಟೈರು ಹಾಕಿಸಲು ಅಂಗಡಿಗೆ ಒಯ್ದ. ನಾನು ಪಂಚಾಂಗ ತೆರೆದೆ. ಅಯ್ಯೋ! ರವಿವಾರ ಪಶ್ಚಿಮಕ್ಕೆ ವಾರಶೂಲೆ. ಆ ದಿಕ್ಕಿಗೆ ಹೊರಡುವುದು ನಿಷಿದ್ಧ. ಆದರೆ ಪೂರ್ವಿಕರು ದಾರಿ ತೋರಿಸದೆ ಹೋದವರಲ್ಲ. ಶುಭದಿನದಂದು ಪ್ರಯಾಣದ ಒಂದು ವಸ್ತುವನ್ನು ಮುಂಚಿತವಾಗಿ ಬೇರೊಬ್ಬರ ಮನೆಯಲ್ಲಿಟ್ಟರೆ ನಾವು ಅಂದೇ ಹೊರಟಂತೆ. ಇದಕ್ಕೆ ಪ್ರಸ್ಥಾನವೆಂದು ಹೆಸರು. ನಿಯಮ ಒಂದೇ: ಇಟ್ಟ ವಸ್ತುವನ್ನು ಹೋಗುವ ದಾರಿಯಲ್ಲಿ ಎತ್ತಿಕೊಳ್ಳಬೇಕು, ಅದು ಮನೆಗೆ ಮರಳಿತೋ, ಪ್ರಯಾಣ ಕೆಟ್ಟಿತು.

"ಒಂದು ಟವೆಲ್ ಇಡ್ರಿ, ಸಾಕು," ಎಂದಳು ಸೀತಾಬಾಯಿ.

"ಹೋಗೂದು ಟವೆಲ್ಲೋ, ಬೈಕೋ?" ಎಂದು ಗದರಿ, ಶಾಸ್ತ್ರಕ್ಕೆ ತಕ್ಕ ವಸ್ತುವನ್ನು ಅಂಗಳದಲ್ಲಿ ಹುಡುಕಿದೆ. ಗನಿಸಾಬ ಬಿಚ್ಚಿಟ್ಟಿದ್ದ, ಮುಂದಿನ ಗಾಲಿಯನ್ನು ಹಿಡಿದಿಡುವ ಆಕ್ಸಲ್ ಬೆಳ್ಳಿಯ ದಂಡದಂತೆ ಥಳಥಳಿಸುತ್ತಿತ್ತು. ಅಕ್ಕಿ, ಅಡಿಕೆಯೊಂದಿಗೆ ಹಳದಿ ಬಟ್ಟೆಯಲ್ಲಿ ಸುತ್ತಿ, ಮೂರನೆಯ ಮನೆಯ ವಿಮೆ ಏಜೆಂಟ್ ಭೀಮಾಶಂಕರನ ಕೈಗಿತ್ತು ಆಜ್ಞಾಪಿಸಿದೆ: "ನಾ ಬಂದು ಕೇಳೂತನಕ ಇದನ್ನ ಬಿಟ್ಟು ಅಗಲಬ್ಯಾಡ!"

ಶನಿವಾರ ಗನಿಸಾಬ ಗಾಲಿಯೊಂದಿಗೆ ಬಂದ. "ಸರ, ಆಕ್ಸಲ್ ಎಲ್ಲದ?"

"ಪ್ರಸ್ಥಾನಕ್ಕ ಹೋಗ್ಯದ."

"ಕಬರಸ್ತಾನಕ್ಕಾ? ಯಾ ಅಲ್ಲಾ! ಛಲೋ ಇತ್ತಲ್ರಿ ಅದು!"

"ಕಬರಸ್ತಾನ ಅಲ್ಲೋ, ಪ್ರಸ್ಥಾನ!"

"ಯಾವ ಸ್ತಾನಕ್ಕರ ಹೋಗಲ್ರಿ ಸರ, ವಾಪಸ್ ತರಸ್ರಿ. ಇದರದು ಕಲಬುರಗಿಯೊಳಗೂ ಸಿಗಂಗಿಲ್ಲ."

ಭೀಮಾಶಂಕರನ ಮನೆಗೆ ಬೀಗ! ಫೋನು ಹಚ್ಚಿದೆ.

"ಸರ, ಸುಲೇಪೇಟದಾಗ ಅದೀನಿ. ಮುಂಜಾನಿ ಚಿಂಚೋಳಿ ಮುಗಿಸಿದೆ. ಈಗ ಶಹಾಬಾದಿಗಿ ಹೊಂಟೀನಿ, ನಾಳಿ ತಂಗಿ ಮಗಳ ತೊಟ್ಟಿಲ ಅದ."

"ಆಕ್ಸಲ್?"

"ಬಗಲಾಗೇ ಅದ್ರಿ! ಅಗಲಬ್ಯಾಡ ಅಂದಿರಲ್ಲ? ಬಸ್ಸಿನ್ಯಾಗ ಮಂದಿ ಇದೇನು ಗದಾ ಏನ್ರಿ ಅಂತ ಕೇಳಾಕತ್ತಾರ."

ಮನೆಗೆ ತರಿಸುವಂತಿಲ್ಲ, ಶಾಸ್ತ್ರ. ಆಕ್ಸಲ್ ಬೈಕಿನ ಬಳಿ ಬರಬಾರದೆಂದಮೇಲೆ ಬೈಕೇ ಆಕ್ಸಲ್ ಬಳಿ ಹೋಗಬೇಕು! "ಅಲ್ಲೇ ಕ್ರಾಸಿಗೆ ತಗೊಂಡು ಬಾ," ಎಂದೆ.

ರವಿವಾರ ಬೆಳಗಿನ ಐದಕ್ಕೆ ಬಾಡಿಗೆಯ ಸಣ್ಣ ಲಾರಿಯ ಮೇಲೆ ಮುಂಗಾಲಿಯಿಲ್ಲದ ಬೈಕನ್ನು ಹಗ್ಗದಿಂದ ಬಿಗಿದೆವು. ಗಾಲಿ ಹಿಡಿದು ಗನಿಸಾಬ ಮುಂದೆ ಕುಳಿತ. ನಾನು ಹೆಲ್ಮೆಟ್ಟು ಧರಿಸಿ ಲಾರಿಯೇರಿ, ಬೈಕಿನ ಮೇಲೆಯೇ ಆರೂಢನಾದೆ. ಶರತಿನ ಮಾತು "ಗಾಡಿ ಮ್ಯಾಲೆ ಕೂತು ಸೇಡಂ ದಾಟಿ" ಎಂದಲ್ಲವೆ?

ಬಾಗಿಲಲ್ಲಿ ನಿಂತ ಸೀತಾಬಾಯಿ ದಿಟ್ಟಿಸಿ ನೋಡಿದಳು. "ಕೂತೀರಿ, ಖರೆ. ಗುಂಪಿನ ಜೋಡಿ ಹೋಗೂದು ಬಾಕಿ ಅದ."

ಹೀಗೆ ಚಿತ್ತಾಪುರ ದಾಟಿದೆ. ಚಹಾದಂಗಡಿಯವನೊಬ್ಬ ಕೂಗಿದ: "ಎಲ್ಲಿಗ್ರೀ ಯಜಮಾನ್ರ?"

"ಕಛ್‌ಗೆ!"

"ಬ್ರೇಕ್ ಹಿಡೀಬ್ಯಾಡ್ರಿ ಮತ್ತ!"

ಮುಂದೆ ಎದುರಾದ ಬಸ್ಸೊಂದಕ್ಕೆ ನಾನು ಸಾಮ್ರಾಟನಂತೆ ಕೈ ಬೀಸಿದೆ.

ಏಳಕ್ಕೆ ಸರಿಯಾಗಿ ಕ್ರಾಸ್ ತಲುಪಿದೆ. ಬಳಗ ಸಜ್ಜಾಗಿ ನಿಂತಿತ್ತು. ಭೀಮಾಶಂಕರನೂ ನಗುತ್ತ ನಿಂತಿದ್ದ, ಬರಿಗೈಯಲ್ಲಿ!

"ಆಕ್ಸಲ್?"

"ಈ ವಯಸ್ಸಿನ್ಯಾಗ ನಿಮಗ್ಯಾಕ ತ್ರಾಸಂತ, ಮೊದಲನೇ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟು ಮನಿಗೇ ಕಳಿಸೀನ್ರಿ! ಫೋನ್ ಹಚ್ಚಿದ್ದೆ, ಹೆಲ್ಮೆಟ್ಟಿನ್ಯಾಗ ಕೇಳಿರಲಿಕ್ಕಿಲ್ಲ. ಅದಕ್ಕ ಹೇಳಾಕ ನಾನೇ ಬಂದೆ."

ನಾನು ಕೈ ಬೀಸಿದ್ದು ಅದೇ ಬಸ್ಸಿಗೆ!

ಬಳಗದವರು ಮುಕ್ಕಾಲು ಬೈಕಿನೊಡನೆ ನನ್ನ ಫೋಟೋ ತೆಗೆದುಕೊಂಡು, ನಮಸ್ಕರಿಸಿ, ಧೂಳೆಬ್ಬಿಸಿ ಹೊರಟುಹೋದರು. ಧೂಳು ಇಳಿಯುವ ಮುನ್ನ ನನ್ನ ಫೋನು ಗುಣುಗುಣಿಸಿತು.

"ಆಕ್ಸಲ್ ಬಂತ್ರಿ. ದೇವರ ಮುಂದ ಇಟ್ಟೀನಿ," ಎಂದಳು ಸೀತಾಬಾಯಿ. ದನಿಯಲ್ಲಿ ಮಂಗಳಾರತಿಯ ಸಡಗರ.

"ಮುಗೀತು ಬಿಡು. ಮನಿಗಿ ಬರತೀನಿ," ಎಂದೆ.

"ನೀವ್ಯಾಕ ಬರತೀರಿ? ಗಾಡಿ ಅಷ್ಟ ಕಳಸ್ರಿ, ತಗೊಳ್ಳವರು ಬಂದು ಅಂಗಳದಾಗ ಕೂತಾರ. ನೀವು ವಾಡಿಯೊಳಗ ನಮ್ಮ ಅಕ್ಕನ ಮನಿಗಿ ಇಳೀರಿ."

"ಅಲ್ಲ್ಯಾಕ?"

"ನಾಳಿ ಮಂತ್ರಾಲಯಕ್ಕ ಹೋಗಬೇಕಲ್ರಿ? ಈ ಸಲ ನಿಮ್ಮನ್ನ ಪ್ರಸ್ಥಾನ ಇಟ್ಟೀನಿ. ರೈಲು ಹತ್ತೂ ಮುಂದ ನಾನೇ ಬಂದು ಎತ್ತಿಗೋತೀನಿ!"