ಯಜಮಾನನಿಲ್ಲದ ಒಮ್ಮತ

ನಮ್ಮ ಚಿಕ್ಕಪ್ಪನಿಗೆ ನೀವು ಇವತ್ತು ಬೈದರೆ ಅವರಿಗೆ ಬೇಜಾರಾಗುವುದು ನಾಳೆ! ಬುದ್ಧಿ ಮಂದ ಎಂದುಕೊಳ್ಳಬೇಡಿ. ಕೊರಟಗೆರೆಯಲ್ಲಿ ಮನೆ ಮಾಡಿಕೊಂಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಮೇಷ್ಟ್ರು, ಪಿಎಚ್.ಡಿ. ಬೇರೆ ಆಗಿದೆ. ತಡವಾಗಿ ಬೇಜಾರಾಗುವುದೇ ಅವರ ಸಂಶೋಧನೆಯ ಸಾರ!

ವಿಷಯ ಇಷ್ಟು. ಹತ್ತಾರು ಯಂತ್ರಗಳು ಕೂಡಿ ಒಂದು ಕೆಲಸ ಮಾಡಬೇಕು. ಅವಕ್ಕೆ ಯಜಮಾನನಿಲ್ಲ. ಪ್ರತಿಯೊಂದಕ್ಕೂ ಪಕ್ಕದ ಯಂತ್ರದ ಮಾತಷ್ಟೇ ಕೇಳಿಸುತ್ತದೆ, ಅದೂ ತಡವಾಗಿ. ಹೀಗಿದ್ದೂ ಎಲ್ಲವೂ ಒಮ್ಮತಕ್ಕೆ ಬರಬೇಕು. ಇದಕ್ಕೆ ಸಂಶೋಧನೆ ಯಾಕೆ ಸ್ವಾಮಿ? ಯಾವ ಕಚೇರಿಗೆ ಹೋದರೂ ನಡೆಯುತ್ತಿರುವುದು ಇದೇ ಅಲ್ಲವೇ? ಒಮ್ಮತವೊಂದು ಬಾಕಿ ಇದೆ, ಅಷ್ಟೇ.

ಅವರ ಮನೆಯಲ್ಲಿ ನಾನೊಮ್ಮೆ ಸ್ನಾನಕ್ಕೆ ಹೋದೆ. ಸೋಲಾರ್ ನೀರು ಮಹಡಿಯಿಂದ ಇಳಿದು ಬರಲು ಹೊತ್ತು ಹಿಡಿಯುತ್ತದೆ. ತಣ್ಣಗಿದೆಯಲ್ಲ ಎಂದು ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಬಂತು ನೋಡಿ, ಬೆನ್ನು ಸುಟ್ಟ ಬದನೆಕಾಯಿ! ಹಾರಿಬಿದ್ದು ತಣ್ಣೀರು ತಿರುಗಿಸಿದರೆ ಹಲ್ಲು ಕಟಕಟ. ಬಾಗಿಲಾಚೆಯಿಂದ ಚಿಕ್ಕಪ್ಪನ ಉಪನ್ಯಾಸ ಶುರುವಾಯಿತು: "ನಲ್ಲೀಲಿ ಬರ್ತಿರೋದು ಹಳೇ ಸುದ್ದಿ ಕಣ್ಲಾ. ಹಳೇ ಸುದ್ದಿಗೆ ಜೋರಾಗಿ ಕುಣೀಬ್ಯಾಡ. ಒಸಿ ತಿರುಗ್ಸು, ಆಮೇಲೆ ಕಾಯಿ."

ಅಡುಗೆಮನೆಯಿಂದ ಚಿಕ್ಕಮ್ಮ ಕೂಗಿದರು: "ಯುಗಾದಿಗೆ ಸೀರೆ ಕೇಳಿ ನಾನೂ ಕಾಯ್ತಾನೇ ಇವ್ನಿ! ಆ ಸುದ್ದಿ ಇನ್ನೂ ಮುಟ್ಟಿಲ್ಲ ಅಂತ ಕಾಣುತ್ತೆ."

ಇಂಥವರು ತಮ್ಮ ಶಾಸ್ತ್ರವನ್ನು ಯಂತ್ರಗಳ ಪಾಡಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ನೆಂಟರ ಮೇಲೆ ಪ್ರಯೋಗಿಸಿದರು!

ಕಾರಣವೇನೋ ಇತ್ತು. ಮಧುಗಿರಿಯ ದೊಡ್ಡಪ್ಪನಿಗೂ ಅವರ ಅಕ್ಕ, ಶಿರಾದ ದೊಡ್ಡತ್ತೆಗೂ ಮಾತು ನಿಂತಿತ್ತು. ನಮ್ಮಲ್ಲಿ ಹಿರಿಯರ ಹಬ್ಬಕ್ಕೆ ಎಡೆ ಇಟ್ಟರೆ ಮಕ್ಕಳೆಲ್ಲ ಧೂಪ ಹಾಕುವ ತನಕ ಯಾರೂ ಉಣ್ಣುವಂತಿಲ್ಲ. ಅಜ್ಜಿ ತೀರಿಕೊಂಡ ವರ್ಷ ದೊಡ್ಡತ್ತೆಯ ಬಸ್ಸು ತಡವಾಯಿತು. ಹಸಿವು ತಡೆಯದ ದೊಡ್ಡಪ್ಪ ಧೂಪ ಹಾಕಿ ಉಂಡೇಬಿಟ್ಟರು. ದೊಡ್ಡತ್ತೆ ಬಂದಾಗ ಎಲೆ ಎತ್ತಿಯಾಗಿತ್ತು. "ನಮ್ಮವ್ವಂಗೆ ನಾನು ಮಗಳಲ್ವಾ?" ಎಂದು ಬಾಗಿಲಿನಿಂದಲೇ ಹಿಂದಿರುಗಿದವರು ಮತ್ತೆ ಹಬ್ಬಕ್ಕೆ ಬರಲಿಲ್ಲ. ಅಣ್ಣ, ಅಕ್ಕ ಇಬ್ಬರನ್ನೂ ಒಂದೇ ಎಡೆಯ ಮುಂದೆ ನೋಡಬೇಕೆಂಬುದೇ ಚಿಕ್ಕಪ್ಪನ ಕೊರಗು.

ಈ ಸಲ ಎಡೆ ಕೊರಟಗೆರೆಯಲ್ಲಿ ಎಂದರು. ಹೊತ್ತು ಮಾತ್ರ ಗೊತ್ತು ಮಾಡಲಿಲ್ಲ. "ನಾನು ಹೇಳಿದ್ರೆ ಯಜಮಾನಿಕೆ ಆಗುತ್ತೆ. ಅವರವರೇ ಒಮ್ಮತಕ್ಕೆ ಬತ್ತಾರೆ ಬುಡು" ಎಂದರು. ಮಾತುಬಿಟ್ಟವರ ನಡುವೆ ಸುದ್ದಿ ಸಾಗಿಸುವ ಕೆಲಸ ಪಾವಗಡದ ಚಿಕ್ಕತ್ತೆಯ ಪಾಲಿಗೆ ಬಂತು. ಚಿಕ್ಕತ್ತೆಯೋ, ಅಂಗನವಾಡಿ ಮುಗಿಸಿ, ಮನೆಗೆಲಸ ಮುಗಿಸಿ, ಆಮೇಲೆ ಫೋನ್ ನೋಡುವವರು. ದೊಡ್ಡಪ್ಪ ಹತ್ತಕ್ಕೆ ಬರುತ್ತೇನೆಂದರು, ದೊಡ್ಡತ್ತೆ ಒಂದಕ್ಕೆ ಎಂದರು. ಚಿಕ್ಕತ್ತೆ ಎರಡನ್ನೂ ಸಾವಕಾಶವಾಗಿ ದಾಟಿಸಿದರು.

ಹಬ್ಬದ ದಿನ ಹತ್ತಕ್ಕೆ ಸರಿಯಾಗಿ ಬಂದವರು ದೊಡ್ಡತ್ತೆ! ದೊಡ್ಡಪ್ಪನ ಸುಳಿವಿಲ್ಲ. ಫೋನ್ ಮಾಡೋಣವೆಂದರೆ ಚಿಕ್ಕಪ್ಪ ಬಿಡಲಿಲ್ಲ, ಮಧ್ಯೆ ಕೈ ಹಾಕಿದರೆ ಪ್ರಯೋಗ ಕೆಡುತ್ತದಂತೆ. ದೊಡ್ಡತ್ತೆ ಹನ್ನೆರಡರವರೆಗೆ ಕಾದು, "ಬೇಕಂತ್ಲೇ ಮಾಡವ್ನೆ" ಎಂದು ಕಣ್ಣು ತುಂಬಿಕೊಂಡು ಹೊರಟೇಹೋದರು. ಒಂದಕ್ಕೆ ದೊಡ್ಡಪ್ಪ ಬಂದರು, ಹಿಂದೆಯೇ ಚಿಕ್ಕತ್ತೆಯೂ.

"ಎಲ್ಲಿ ಅಕ್ಕ? ಬರಲ್ಲ ಅಂತ ನಂಗೊತ್ತಿತ್ತು!"

"ನೇನು ಚೆಪ್ತಿನಿ ಕದಾ! ಇಬ್ಬರಿಗೂ ಹೇಳಿದ್ನಲ್ಲಪ್ಪ!" ಎಂದು ಚಿಕ್ಕತ್ತೆ ಪಾವಗಡದ ತೆಲುಗು ಬೆರೆಸಿ ಗೋಳಾಡಿದರು. ನನಗಂತೂ ನಗು ತಡೆಯಲಾಗಲಿಲ್ಲ. ಪಿಎಚ್.ಡಿ.ಗೆ ಇದಕ್ಕಿಂತ ಮರ್ಯಾದೆ ಬೇಕೇ?

ಚಿಕ್ಕಪ್ಪ ಮಾತ್ರ ನಗಲಿಲ್ಲ.

"ಅಣ್ಣ, ಹತ್ತಕ್ಕೆ ಅಂದೋನು ಒಂದಕ್ಕೆ ಯಾಕ್ ಬಂದೆ?"

"ಅಕ್ಕ ಒಂದಕ್ಕೆ ಬತ್ತಾಳೆ ಅಂದ್ರು. ಅದ್ಕೆ."

"ಒಂದಕ್ಕೆ ಅಂದೋಳು ಹತ್ತಕ್ಕೇ ಬಂದು ಕುಂತಿದ್ಲು. ನೀನು ಹತ್ತಕ್ಕೆ ಬತ್ತೀಯ ಅಂತ."

ದೊಡ್ಡಪ್ಪ ಎದ್ದು ಚಪ್ಪಲಿ ಮೆಟ್ಟಿದರು. "ಶಿರಾ ಬಸ್ಸಿಗೆ ಕಾಯ್ಕೊಂಡು ಮಧುಗಿರಿ ಬಸ್ ಸ್ಟ್ಯಾಂಡಲ್ಲೇ ಇರ್ತಾಳೆ. ಹೋಗಿ ಕರ್ಕಂಬತ್ತೀನಿ."

ಯಾರನ್ನೂ ಒತ್ತಾಯಿಸದ ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತರು. "ನೀನು ಅತ್ಲಾಗೆ ಹೋಗು, ಅವಳು ಇತ್ಲಾಗೆ ಬರ್ಲಿ, ದಾರೀಲಿ ಬಸ್ಸಿಗೆ ಬಸ್ಸು ದಾಟ್ಕೊಂಡ್ ಹೋಗ್ಲಿ! ಸಾಕು ಕುಂತ್ಕೋ ಅಣ್ಣ. ಈ ಸಲ ನೀನು ಕಾಯಿ." ಪ್ರಯೋಗವನ್ನು ಗಾಳಿಗೆ ತೂರಿ ತಾವೇ ಫೋನ್ ಮಾಡಿದರು. "ಅಕ್ಕ, ಅಣ್ಣ ನಿನ್ ಹೊತ್ತಿಗೇ ಬಂದವ್ನೆ. ಎಡೆ ಹಂಗೇ ಐತೆ, ಬಾ."

ಸಾರು ಆರಿತು, ವಡೆ ಮೆತ್ತಗಾಯಿತು. "ಒಂದು ಕಜ್ಜಾಯನಾದ್ರೂ ತಿನ್ನಿ ಭಾವ" ಎಂದು ಚಿಕ್ಕಮ್ಮ ತಟ್ಟೆ ತಂದರು. ದೊಡ್ಡಪ್ಪ "ಬ್ಯಾಡ ಕಣಮ್ಮ" ಎಂದು ಬಾಗಿಲ ಕಡೆ ನೋಡುತ್ತ ಕೂತರು.

ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡತ್ತೆ ಬಂದರು. ಯಾರನ್ನೂ ಮಾತಾಡಿಸದೆ ನೇರ ದೊಡ್ಡಪ್ಪನ ಮುಂದೆ ನಿಂತರು.

"ಉಂಡ್ಯೇನ್ಲಾ?"

"ಇಲ್ಲ ಕಣಕ್ಕ. ನೀನು ಬರ್ಲಿ ಅಂತ."

ದೊಡ್ಡತ್ತೆ ಅವರ ಕೈ ಹಿಡಿದು ಎಬ್ಬಿಸಿದರು. ಆ ಕೈಯನ್ನು ಬಿಡದೆಯೇ ಇಬ್ಬರೂ ಒಟ್ಟಿಗೆ ಕೆಂಡಕ್ಕೆ ಧೂಪ ಹಾಕಿದರು. ಬೆಳಗಿನಿಂದ ನಗುತ್ತಿದ್ದ ನಾನು ಅತ್ತುಬಿಟ್ಟೆ. ಅಜ್ಜಿಗೆ ಆವತ್ತು ಊಟ ತಡವಾಯಿತು. ಆದರೆ ಹೊಟ್ಟೆ ತುಂಬ ಉಂಡಿರುತ್ತಾಳೆ.