ಮಾತಾಡುವ ನಕ್ಷೆಯೂ ರತ್ನಮ್ಮನ ಸಾರೂ

ಕೆ.ಜಿ.ಎಫ್. ಸೀಮೆಯ ಚರಿತ್ರೆಯನ್ನು ಮಕ್ಕಳಿಗೆ ಕಲಿಸುವ ಭಾರವನ್ನು ನಾನೇ ಹೊತ್ತುಕೊಂಡಿದ್ದೆ. ಯಾರೂ ಹೊರಿಸಿರಲಿಲ್ಲ. ಪಿಎಚ್.ಡಿ. ವಿದ್ಯಾರ್ಥಿನಿಯಾದ ನನ್ನ ಯೋಜನೆಯ ಹೆಸರು ‘ಮಾತಾಡುವ ನಕ್ಷೆ’. ಪರದೆಯ ಮೇಲೆ ಚಾಂಪಿಯನ್ ರೀಫ್ಸ್ ಎಂಬ ಚಿನ್ನದ ಗಣಿಯನ್ನು ಮುಟ್ಟಿದರೆ ಅಲ್ಲಿ ದುಡಿದ ಅಜ್ಜನೊಬ್ಬರ ನೆನಪು ಅವರದೇ ದನಿಯಲ್ಲಿ ಕೇಳಬೇಕು. ಚೆನ್ನಾಗಿ ಬಂದರೆ ಸುತ್ತಲಿನ ಶಾಲೆಗಳಿಗೆಲ್ಲ ಕೊಡೋಣ ಎಂದಿದ್ದರು ಗೈಡ್ ಮೇಡಂ. ಕೆಟ್ಟರೆ ಏನು ಎಂದು ಅವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ!

ಹೊಸ ಮೈಕನ್ನು ಪರೀಕ್ಷಿಸಲು ಬಂಗಾರಪೇಟೆಯ ನಮ್ಮ ಅಡುಗೆಮನೆಯಲ್ಲೇ ಒಂದಿಷ್ಟು ಮಾತು ರೆಕಾರ್ಡ್ ಮಾಡಿದ್ದೆ. ಆ ಮಾತುಗಳೂ ಅಜ್ಜಂದಿರ ಮಾತುಗಳೂ ಒಂದೇ ಫೋಲ್ಡರಿನಲ್ಲಿ ಪರಮ ಸೌಹಾರ್ದದಿಂದ ಬಾಳುತ್ತಿದ್ದವು.

ಪ್ರದರ್ಶನದ ದಿನ ಬೆಳಿಗ್ಗೆ, ಡೈರಿಗೆ ಹಾಲು ಹಾಕಿ ಬಂದ ನಮ್ಮ ಯಜಮಾನರು ಕೇಳಿದರು, "ಎಲ್ಲಾನೂ ಒಂದ್ಸತಿ ಒತ್ತಿ ನೋಡ್ದ್ಯಾ?"

"ರೀ, ಇದು ಸಂಶೋಧನೆ. ಅಲ್ಲಾಡಿಸಿ ನೋಡೋಕೆ ಹಾಲಿನ ಕ್ಯಾನಲ್ಲ!"

"ಸರಿ ಬುಡು. ನಾನ್ಯಾಕೆ ಬಾಯಿ ಆಕ್ಲಿ."

ಬೇತಮಂಗಲದ ಶಾಲೆಯ ಹಾಲ್ ತುಂಬಿತ್ತು. ಸೊಸೆಯ ಸಾಧನೆ ನೋಡಲು ನಮ್ಮತ್ತೆ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದರು. ಸಾಕ್ಷಿಗಿರಲಿ ಎಂದು ಪಕ್ಕದ ಮನೆಯ ರತ್ನಮ್ಮನನ್ನೂ ಕರೆತಂದಿದ್ದರು. ಗೈಡ್ ಮೇಡಂ ಪೆನ್ನು ತೆಗೆದರು. "ಈಗ ಗಣಿಯ ಆಳದಿಂದ ಒಂದು ದನಿ!" ಎಂದು ಘೋಷಿಸಿ ನಾನು ಚಾಂಪಿಯನ್ ರೀಫ್ಸ್ ಮುಟ್ಟಿದೆ.

"ಆ ರತ್ನಿ ಮಾಡೋದೂ ಒಂದು ಸಾರಾ? ಬ್ಯಾಳೆ ಉಡುಕೋಕೆ ಗಣಿಗೆ ಇಳ್ದಂಗೆ ಇಳೀಬೇಕು ಕಣಮ್ಮಿ!"

ಗಣಿಯೇನೋ ಬಂತು. ದನಿ ಮಾತ್ರ ನಮ್ಮತ್ತೆಯದು!

ಮಕ್ಕಳು ಹೋ ಎಂದರು. ಗಾಬರಿಯಲ್ಲಿ ನಿಲ್ಲಿಸುವ ಗುಂಡಿ ಬಿಟ್ಟು ದನಿ ಏರಿಸುವ ಗುಂಡಿ ಒತ್ತಿದೆ. ಸ್ಪೀಕರಿನೊಳಗಿನ ಅತ್ತೆ ಹಾಲ್ ನಡುಗುವಂತೆ ರತ್ನಮ್ಮನ ಮುದ್ದೆಯ ವಿಚಾರಕ್ಕೆ ಬಂದರು. ಕುರ್ಚಿಯ ಮೇಲಿನ ಅತ್ತೆ ಸೆರಗಿನೊಳಗೆ ಮಾಯವಾದರು. ಪಾರಾಗಲು ನಕ್ಷೆಯ ಪಕ್ಕದ ಗಣಿ ಮೈಸೂರು ಮೈನ್ಸ್ ಮುಟ್ಟಿದೆ.

ಅಲ್ಲಿ ನಾನೇ ಇದ್ದೆ! "ಅತ್ತೆ, ನಮ್ ಮೇಡಂ ಹೆಂಗೆ ಮಾತಾಡ್ತಾರೆ ಗೊತ್ತಾ?" ಎಂದು ಕೇಳಿ, ಮೂಗಿನಲ್ಲಿ ರಾಗ ಎಳೆಯುತ್ತಿದ್ದೆ: "ವೈಜ್ಞಾನಿಕವಾಗಿ ನೋಓಓಡಿದರೇ..."

ಮೇಡಂ ನೋಡಿದರು. ನನ್ನನ್ನು.

ಲ್ಯಾಪ್‌ಟಾಪಿನಿಂದ ಸ್ಪೀಕರಿಗೆ ಹೋಗುವ ವೈರನ್ನೇ ಕಿತ್ತೆ. ರತ್ನಮ್ಮ ಎದ್ದರು. ಇನ್ನು ಜಗಳವೇ ಎಂದು ಕಣ್ಣು ಮುಚ್ಚಿದೆ. ಅವರು ನೇರ ವೇದಿಕೆಗೆ ಬಂದು ಮೈಕ್ ಹಿಡಿದರು.

"ಇದ್ನೂ ರೆಕಾಡ್ ಮಾಡ್ಕಳಮ್ಮಿ. ನಾನು ಉಟ್ಟಿ ಬೆಳ್ದಿದ್ದು ಚಾಂಪಿಯನ್ ರೀಫ್ಸ್‌ನಾಗೆ, ಗಣಿ ಕೆಲಸದೋರ ಲೈನ್ ಮನೇಲಿ. ನಮ್ಮಪ್ಪ ಗಣಿಗೆ ಓಗೋವಾಗ ಬ್ಯಾಳೆಯೆಲ್ಲ ಅವರ ಕ್ಯಾರಿಯರ್‌ಗೆ ಆಕ್ಬಿಟ್ಟು, ತಿಳಿ ನಮಗೆ ಬಡಿಸೋಳು ನಮ್ಮವ್ವ. ನನ್ ಕೈಗೂ ಅದೇ ಅಬ್ಯಾಸ ಬಂದೈತೆ. ಕೇಳಿಸ್ತಾ ಅಕ್ಕ?"

ಸೆರಗು ಮೆಲ್ಲಗೆ ಸರಿಯಿತು.

"ಕೇಳಿಸ್ತು ಬುಡೇ," ಎಂದರು ಅತ್ತೆ. "ನಾಳೆ ನಂಗೂ ಒಂದು ಲೋಟ ಆ ತಿಳಿಸಾರು ತಂದ್ಕೊಡು."

ಚಪ್ಪಾಳೆಯೋ ಚಪ್ಪಾಳೆ! ಪೆನ್ನು ಕೆಳಗಿಟ್ಟು ಮೇಡಂ ಕೂಡ ತಟ್ಟಿದರು.

ಯೋಜನೆ ಒಪ್ಪಿಗೆಯಾಯಿತು. ಈಗ ಮಕ್ಕಳು ಚಾಂಪಿಯನ್ ರೀಫ್ಸ್ ಮುಟ್ಟಿದರೆ ಅಜ್ಜನ ಜೊತೆಗೆ ರತ್ನಮ್ಮನೂ ಮಾತಾಡುತ್ತಾರೆ. ರತ್ನಮ್ಮನೂ ಅತ್ತೆಯೂ ಒಪ್ಪಿದ್ದರಿಂದ ಸಾರಿನ ಟೀಕೆಯನ್ನೂ ಉಳಿಸಿಕೊಂಡಿದ್ದೇವೆ. ಮೇಡಂ ಹೇಳಿದ ತಿದ್ದುಪಡಿ ಒಂದೇ: "ಎಲ್ಲರ ದನಿಯೂ ಸಹಜವಾಗಿದೆ. ಸಂಶೋಧಕಿಯ ದನಿಯೊಂದನ್ನು ತೆಗೆದುಬಿಡಿ."

ತೆಗೆದೆ. ನಕ್ಷೆ ಈಗ ಬಹಳ ಚೆನ್ನಾಗಿ ಮಾತಾಡುತ್ತದೆ!