ನಾಲ್ಕು ಹೊತ್ತು ನೀರು ಕುಡಿದ ಮರ

ಬಾಯಿ ಬಿಟ್ಟರೆ ಕೆಟ್ಟೆ ಎಂದು ಗೊತ್ತಿದ್ದೂ ಬಾಯಿ ಬಿಡುವ ಚಟ ನನಗಿದೆ. ಸಾನಪಾಡಾದ ನಮ್ಮ ಆಫೀಸಿನಲ್ಲಿ ಒಂದು ದಿನ ಊಟದ ಹೊತ್ತಿಗೆ, ನಮ್ಮ ಮನೆಯ ಕರಿಬೇವಿನ ಗಿಡ ಸೊಂಪಾಗಿರುವುದು ನನ್ನ ಕೈಗುಣದಿಂದ ಎಂದು ಕೊಚ್ಚಿಕೊಂಡೆ. ನಿಜವಾಗಿ ಬೆಳೆಸಿದವಳು ಹೆಂಡತಿ ಸುಧಾ. ಒಗ್ಗರಣೆಗೆ ಎಲೆ ಕಿತ್ತು ಕೊಡುವುದಷ್ಟೇ ನನ್ನ ಕೆಲಸ. ನಮ್ಮ ಮೇಡಂ ಇದನ್ನು ಕೇಳಿಸಿಕೊಂಡರು. ಮರುವಾರವೇ, ಮಗಳ ಬಾಣಂತನಕ್ಕೆಂದು ಎರಡು ತಿಂಗಳು ಪುಣೆಗೆ ಹೊರಟವರು, ಗೇಣುದ್ದದ ಒಂದು ಜುನಿಪರ್ ಬೋನ್ಸಾಯ್ ಮರವನ್ನು ತಂದು ನನ್ನ ಮೇಜಿನ ಮೇಲಿಟ್ಟರು. "ನಮ್ಮ ಯಜಮಾನರು ಬೆಳೆಸಿದ್ದು. ಅವರು ಹೋದರು, ಇದು ಉಳಿದಿದೆ. ಜೋಪಾನ" ಎಂದರು.

ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಅದನ್ನು ಒಯ್ದದ್ದೇ ಒಂದು ಸಾಹಸ. ನಮ್ಮ ಲೋಕಲ್ ರೈಲಿನಲ್ಲಿ ಕೂತವರು ನಿಂತವರ ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳುವ ಪದ್ಧತಿಯಿದೆ. ಯಾರೋ ಪುಣ್ಯಾತ್ಮರು ಮರವನ್ನು ತೊಡೆಗೇರಿಸಿಕೊಂಡರು. ಪಕ್ಕದವರು "ಜರಾ ಸರಕೋ, ಝಾಡ್ ದಬೇಗಾ" ಎಂದು, ಗಿಡ ನಲುಗೀತೆಂದು ಸರಿದು ಜಾಗವನ್ನೂ ಮಾಡಿಕೊಟ್ಟರು. ಹನ್ನೆರಡು ವರ್ಷಗಳಿಂದ ಆ ಗಾಡಿಯಲ್ಲಿ ಓಡಾಡುತ್ತಿರುವ ನನಗಾಗಿ ಒಬ್ಬರೂ ಸರಿದದ್ದಿಲ್ಲ.

ಮರವನ್ನು ಕಿಟಕಿಯ ಗ್ರಿಲ್‌ನಲ್ಲಿ, ತುಳಸಿಯ ಪಕ್ಕ ಇಟ್ಟೆವು. ಮೂರು ವಾರಕ್ಕೆ ತುದಿಗಳು ಕಂದತೊಡಗಿದವು. ನನಗೆ ಅನ್ನ ಸೇರದಾಯಿತು. ಮೇಡಂ ಫೋನ್ ಮಾಡಿ "ಹೇಗಿದೆ?" ಎಂದರೆ "ಹಾಯಾಗಿದೆ" ಎನ್ನುತ್ತಿದ್ದೆ. ಫೋಟೋ ಕಳಿಸಿ ಎಂದರೆ ನೆಟ್‌ವರ್ಕ್ ಇಲ್ಲ ಎನ್ನುತ್ತಿದ್ದೆ. ಮನೆಯಲ್ಲಿ ಮಾತ್ರ, ಈ ಮರದ ಮೇಲೆ ನನ್ನೊಬ್ಬನಿಗೇ ಅಕ್ಕರೆ, ಉಳಿದವರಿಗೆ ಕರುಳೇ ಇಲ್ಲ ಎಂದು ಭಾಷಣ ಮಾಡುತ್ತಿದ್ದೆ.

ಒಂದು ಭಾನುವಾರ ಕೆಳಗಿನ ಮನೆಯ ಮರಾಠಿ ಅಜ್ಜಿ, ಎಲ್ಲರ ಬಾಯಲ್ಲೂ 'ಆಜಿ', ಒದ್ದೆ ಸೀರೆಯೊಂದನ್ನು ಹಿಡಿದು ಮೇಲೆ ಬಂದರು. "ಕಾಯ್ ಹೋ, ಪಾವಸಾಳಾ ಸಂಪಲಾ ನಾ?" ಎಂದರು. ಮಳೆಗಾಲ ಮುಗಿಯಿತಲ್ಲ, ನಿಮ್ಮ ಕಿಟಕಿಯಿಂದ ಮಾತ್ರ ದಿನಕ್ಕೆ ನಾಲ್ಕು ಸಲ ಮಳೆ ಏಕೆ ಎಂಬುದು ಅವರ ಪ್ರಶ್ನೆ. ಹೊತ್ತುಗಳನ್ನೂ ಹೇಳಿದರು: ಬೆಳಿಗ್ಗೆ ಏಳು, ಎಂಟೂವರೆ, ಹತ್ತು, ಸಂಜೆ ಏಳೂವರೆ.

ಎಂಟೂವರೆ ಎಂದ ಕೂಡಲೇ ಸುಧಾ ತಲೆ ತಗ್ಗಿಸಿದಳು. ಸ್ನಾನ ಮಾಡಿ ತುಳಸಿಗೆ ನೀರೆರೆಯುವಾಗ, ಪಕ್ಕದಲ್ಲಿರುವ ಮರವನ್ನು ಬಿಟ್ಟರೆ ಪಂಕ್ತಿಭೇದ ಮಾಡಿದಂತೆ ಆಗುತ್ತದೆಂದು ಅದಕ್ಕೂ ಒಂದು ಚೊಂಬು ಹಾಕುತ್ತಿದ್ದಳಂತೆ. ಹತ್ತು ಗಂಟೆಯದು ಪಾತ್ರೆ ತೊಳೆಯಲು ಬರುವ ಕಲಬುರಗಿಯ ಶರಣಮ್ಮನದು. "ಎಲಿ ಒಣಗ್ಯಾವಲ್ರಿ ಸಾಹೇಬ್ರ, ನೀರಡ್ಕಿ ಆಗಿರಬೇಕಂತ ಒಂದ್ ತಂಬ್ಗಿ ಹಾಕ್ತಿದ್ದೆ" ಎಂದಳು. ಉಳಿದ ಎರಡು ಹೊತ್ತು ಯಾರದೆಂದು ಮೂವರೂ ನನ್ನ ಮುಖ ನೋಡಿದರು. ಗಾಡಿಗೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಹಾಕುತ್ತಿದ್ದವನು ನಾನು.

ಶರಣಮ್ಮ ಮಣ್ಣಿಗೆ ಬೆರಳು ಹಾಕಿ ನೋಡಿ, "ಅಯ್ಯೋ, ರಾಡಿ ಆಗ್ಯಾದ್ರಿ! ಇನ್ ಯಾರೂ ಮುಟ್ಟಬ್ಯಾಡ್ರಿ" ಎಂದಳು. ಆಗ ನೆನಪಾಯಿತು, ಮರದ ಜೊತೆ ಮೇಡಂ ಒಂದು ಚೀಟಿಯನ್ನೂ ಕೊಟ್ಟಿದ್ದರು. ಆಫೀಸಿನ ಅಭ್ಯಾಸದಂತೆ ಓದದೆ ಫೈಲಿಗೆ ಹಾಕಿದ್ದೆ. ತೆಗೆದು ನೋಡಿದರೆ ಮೊದಲ ಸಾಲೇ, 'ಮೇಲ್ಮಣ್ಣು ಒಣಗಿದರೆ ಮಾತ್ರ ನೀರು.' ಅಂದಿನಿಂದ ನೀರಿನ ಖಾತೆ ಶರಣಮ್ಮನಿಗೆ ಹೋಯಿತು. ಅವಳು ದಿನಾ ಬೆರಳು ಹಾಕುತ್ತಿದ್ದಳು, "ಇನ್ನಾ ಹಸಿ ಅದ" ಎಂದು ಹೋಗುತ್ತಿದ್ದಳು. ನಾನು ತುಳಸಿಗೆ ಕೈ ಮುಗಿಯುವ ನೆಪದಲ್ಲಿ ಮರಕ್ಕೂ ಮುಗಿಯುತ್ತಿದ್ದೆ. ಇಪ್ಪತ್ತೈದನೆಯ ದಿನ, ಕಂದಿದ ರೆಂಬೆಯ ಬುಡದಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಸುಧಾ ಪಾಯಸ ಮಾಡಿದಳು. ಆಜಿಗೂ ಒಂದು ಬಟ್ಟಲು ಕಳಿಸಿದೆವು.

ಮೇಡಂ ಪುಣೆಯಿಂದ ಬಂದ ದಿನ ಮರವನ್ನು ಮತ್ತೆ ಆಫೀಸಿಗೆ ಒಯ್ದೆ. ನೋಡಿದಾಗ ಅವರ ಕಣ್ಣು ತುಂಬಿತು. "ಹೊಸ ಚಿಗುರು! ಏನು ಮಾಡಿದಿರಿ?" ಎಂದರು.

"ಏನೂ ಮಾಡಲಿಲ್ಲ ಮೇಡಂ" ಎಂದೆ. ಅಪ್ಪಟ ಸತ್ಯ. ಅದನ್ನು ಅವರು ವಿನಯವೆಂದು ತಿಳಿದು ಇಡೀ ಆಫೀಸಿನೆದುರು ನನ್ನ ಕೈಗುಣವನ್ನು ಹಾಡಿ ಹೊಗಳಿದರು. ನಾನೂ ಬೇಡವೆನ್ನಲಿಲ್ಲ.

ಮನೆಗೆ ಬಂದು ಸುಧಾಗೆ, "ಏನೂ ಮಾಡದೆ ಹೆಸರು ಗಿಟ್ಟಿಸಿದ್ದು ಜನ್ಮದಲ್ಲಿ ಇದೇ ಮೊದಲು ಕಣೇ" ಎಂದೆ.

ಅವಳು ಒಮ್ಮೆ ಕರಿಬೇವಿನ ಗಿಡದ ಕಡೆ ನೋಡಿ ಒಳಗೆ ಹೋದಳು.